ಸೇವ್ ಮಾಡದ ಹದಿನಾಲ್ಕು ಸಾಲು

2023ರ ಏಪ್ರಿಲ್‌ನಲ್ಲಿ ನಾನು ಪುತ್ತೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಪುತ್ತೂರಿನಲ್ಲಿ ಮುಖ್ಯ ಆಸ್ಪತ್ರೆ, ಸುಳ್ಯದಲ್ಲಿ ಒಂದು ಶಾಖೆ, ಸವಣೂರಿನಲ್ಲಿ ಒಂದು ಕ್ಲಿನಿಕ್, ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತು ಹಾಸಿಗೆಯ ಇನ್ನೊಂದು ಶಾಖೆ. ಈ ನಾಲ್ಕು ಕಡೆಯ ಕಂಪ್ಯೂಟರು, ಫೋನು, ಎಕ್ಸ್‌ರೇ, ಇಸಿಜಿ ಮಿಷನ್‌ಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದೆ. ಕಳೆದ ವರ್ಷ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ನನ್ನನ್ನು ಹೊಗಳಿದವರೆಲ್ಲ ಒಂದೇ ಮಾತು ಹೇಳಿದರು, ಮೇಡಂ ತಪ್ಪು ಮಾಡಿದ್ದು ನಾವು ನೋಡಿಲ್ಲ ಎಂದು. ನಿಜ, ಅವರು ನೋಡಿರಲಿಲ್ಲ. ಆ ಸಭೆಯಲ್ಲಿ ಹೇಳಲು ಹೊರಟು ಹೇಳಲಾಗದೆ ಕೂತ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಿಚ್ ಎಂದರೇನು ಎಂದು ಹೇಳಿಬಿಡಬೇಕು. ನಮ್ಮ ಆಸ್ಪತ್ರೆಯ ಅರ್ಧ ಜನಕ್ಕೆ ಸ್ವಿಚ್ ಅಂದರೆ ಗೋಡೆಯಲ್ಲಿರುವ ಲೈಟಿನ ಸ್ವಿಚ್ಚೇ. "ಸ್ವಿಚ್ ನೋಡ್ಲಿಕ್ಕೆ ಒಬ್ಬರು ಇಂಜಿನಿಯರ್ ಬೇಕಾ ಮಾರಾಯ್ರೆ?" ಎಂದು ಕ್ಯಾಂಟೀನಿನಲ್ಲಿ ನನ್ನನ್ನು ಕಾಡಿದವರಿಗೆ ಲೆಕ್ಕವಿಲ್ಲ. ನಾನು ಹೇಳುತ್ತಿರುವುದು ಒಂದು ಚಪ್ಪಟೆಯ ಕಬ್ಬಿಣದ ಪೆಟ್ಟಿಗೆ. ಅದರ ಮುಖದಲ್ಲಿ ಇಪ್ಪತ್ನಾಲ್ಕು ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಇಪ್ಪತ್ನಾಲ್ಕು ತೂತು. ಕಟ್ಟಡದ ಎಲ್ಲ ಕೇಬಲ್‌ಗಳು ಬಂದು ಸೇರುವುದು ಅಲ್ಲಿಗೆ. ಯಾವ ಕೇಬಲಿನಲ್ಲಿ ಬಂದದ್ದು ಯಾವ ಕೇಬಲಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಆ ಪೆಟ್ಟಿಗೆ. ಬಿಲ್ಲಿಂಗ್ ಕಂಪ್ಯೂಟರುಗಳು, ಫೋನುಗಳು, ರೋಗಿಗಳ ಮಿಷನ್‌ಗಳು ಬೆರೆಯದಂತೆ ಒಂದೇ ಪೆಟ್ಟಿಗೆಯೊಳಗೆ ಬೇರೆಬೇರೆ ವಿಭಾಗ ಮಾಡುತ್ತೇವೆ. ದೊಡ್ಡ ಹಾಲಿನಲ್ಲಿ ಪರದೆ ಕಟ್ಟಿ ನಾಲ್ಕು ಕೋಣೆ ಮಾಡಿದ ಹಾಗೆ. ಆ ಒಂದೊಂದು ಕೋಣೆಗೆ ವಿಲ್ಯಾನ್ ಎಂದು ಹೆಸರು, ಗುರುತಿಗೆ ಒಂದು ನಂಬರು.

ಈ ಪೆಟ್ಟಿಗೆಗೆ ಸ್ಕ್ರೀನ್ ಇಲ್ಲ, ಗುಂಡಿಗಳಿಲ್ಲ. ಅದಕ್ಕೆ ಹೇಳುವುದೆಲ್ಲ ಕಮಾಂಡ್ ಲೈನ್‌ನಲ್ಲಿ. ಪುತ್ತೂರಿನಲ್ಲಿ ನನ್ನ ಮೇಜಿನ ಮುಂದೆ ಕೂತು ಕಡಬದ ಕಡೆಯ ಸ್ವಿಚ್ಚಿಗೆ ಲಾಗಿನ್ ಆದರೆ ಕಪ್ಪು ಪರದೆಯಲ್ಲಿ ಅದರ ಹೆಸರು ಬಂದು ಪಕ್ಕದಲ್ಲಿ ಒಂದು ಗೆರೆ ಮಿನುಗುತ್ತದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಆ ಕ್ಷಣಕ್ಕೇ ಜಾರಿ. 'ಖಂಡಿತವೇ?' ಎಂದು ಅದು ತಿರುಗಿ ಕೇಳುವುದಿಲ್ಲ. ಮೌಸ್ ಹಿಡಿದು ಚಿತ್ರ ಒತ್ತುವವರನ್ನು ಕಂಡರೆ ನನಗೆ ಸ್ವಲ್ಪ ತಾತ್ಸಾರವೇ ಇತ್ತು. ಸೊಕ್ಕು ಎಂದರೂ ತಪ್ಪಿಲ್ಲ.

ಸ್ವಿಚ್ಚಿನಲ್ಲಿ ಆದೇಶಗಳ ಎರಡು ಪ್ರತಿ ಇರುತ್ತವೆ. ಒಂದು ರನ್ನಿಂಗ್ ಕಾನ್ಫಿಗ್, ಈಗ ನಡೆಯುತ್ತಿರುವುದು. ಅದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿರುತ್ತದೆ. ಇನ್ನೊಂದು ಸ್ಟಾರ್ಟಪ್ ಕಾನ್ಫಿಗ್. ಕರೆಂಟ್ ಹೋಗಿ ಬಂದಾಗ ಪೆಟ್ಟಿಗೆ ಓದಿಕೊಳ್ಳುವುದು ಇದನ್ನು. ಮೊದಲನೆಯದನ್ನು ಎರಡನೆಯದರ ಮೇಲೆ ಬರೆದು ಗಟ್ಟಿ ಮಾಡಲು 'ರೈಟ್ ಮೆಮೊರಿ' ಎಂಬ ಎರಡು ಪದ ಟೈಪ್ ಮಾಡಬೇಕು. ನಾವು ಬಾಯಲ್ಲಿ ಸೇವ್ ಎನ್ನುತ್ತೇವೆ. ಎರಡು ಸೆಕೆಂಡಿನ ಕೆಲಸ.

ಆ ಎರಡು ಸೆಕೆಂಡಿನ ಕೆಲಸವನ್ನು ನಾನು ಬೇಕೆಂದೇ ತಡ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸುಳ್ಯದ ಸ್ವಿಚ್ಚಿಗೆ ಹೊಸ ವಿಲ್ಯಾನ್ ಸೇರಿಸುವಾಗ 'ಆ್ಯಡ್' ಎಂಬ ಒಂದು ಪದ ಬಿಟ್ಟಿದ್ದೆ. ಆ ಪದ ಇಲ್ಲದಿದ್ದರೆ ಸ್ವಿಚ್ಚು ಇದ್ದದ್ದನ್ನೆಲ್ಲ ಕಿತ್ತು ಹೊಸದೊಂದನ್ನೇ ಇಟ್ಟುಕೊಳ್ಳುತ್ತದೆ. ನಾವು ಶಾಖೆಯನ್ನು ತಲುಪುವುದೂ ಅದೇ ದಾರಿಯಲ್ಲಿ. ಸಾಲದ್ದಕ್ಕೆ ಸೇವ್ ಮಾಡುವ ಕಮಾಂಡನ್ನೂ ಅದರ ಹಿಂದೆಯೇ ಪೇಸ್ಟ್ ಮಾಡಿದ್ದೆ. ಸುಳ್ಯದ ಶಾಖೆಯೇ ಕತ್ತರಿಸಿ ಹೋಯಿತು. ಕನ್ಸೋಲ್ ಕೇಬಲ್, ಅಂದರೆ ಸ್ವಿಚ್ಚಿಗೆ ನೇರ ಸಿಕ್ಕಿಸುವ ವಯರು, ಬ್ಯಾಗಿಗೆ ತುರುಕಿ ಬಸ್ಸು ಹತ್ತಿ ಹೋಗಿ ಸರಿ ಮಾಡಿ ಬಂದೆ. ಅಂದಿನಿಂದ ನನ್ನ ಪದ್ಧತಿ ಇದು: ಬದಲಾವಣೆ ಮಾಡುವುದು, ಒಂದು ದಿನ ಸೇವ್ ಮಾಡದೆ ಬಿಡುವುದು, ಎಲ್ಲ ಸರಿಯಿದ್ದರೆ ಮರುದಿನ ಸೇವ್. ಎಡವಟ್ಟಾದರೆ ಅಲ್ಲಿರುವವರಿಗೆ ಆಫ್ ಮಾಡಿ ಆನ್ ಮಾಡಿ ಎಂದರಾಯಿತು, ಹಳೆಯದು ತಾನಾಗಿ ಬರುತ್ತದೆ. ಇದು ಬುದ್ಧಿವಂತರ ಪದ್ಧತಿ ಎಂದು ಕಿರಿಯರಿಗೆ ಪಾಠ ಬೇರೆ ಮಾಡಿದ್ದೇನೆ.

ಕಡಬದ ಕಡೆಯ ಶಾಖೆಯಲ್ಲಿ ನನ್ನ ಕಣ್ಣು, ಕೈ ಎರಡೂ ಆಗಿದ್ದವರು ಕುಶಾಲಪ್ಪ. ಹುದ್ದೆ ಎಲೆಕ್ಟ್ರಿಷಿಯನ್. ಜನರೇಟರು, ನೀರಿನ ಪಂಪು, ಆಕ್ಸಿಜನ್ ಸಿಲಿಂಡರು, ಸ್ವಿಚ್ಚು ಕೂತ ರ್ಯಾಕು, ಎಲ್ಲಕ್ಕೂ ಅವರೇ. ಸುಬ್ರಹ್ಮಣ್ಯ ದಾಟಿ ಕೊಲ್ಲಮೊಗ್ರಿನಿಂದ ದಿನಾ ಬೈಕಿನಲ್ಲಿ ಬರುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರು. ನನ್ನ ತವರು ಐವರ್ನಾಡು, ಇಬ್ಬರದೂ ಮನೆಮಾತು ಅರೆಭಾಷೆ. ಆದರೂ ಕೆಲಸದ ಮಾತು ಕನ್ನಡದಲ್ಲೇ ಆಗುತ್ತಿತ್ತು. ನಾನು ಅವರಿಗೆ ಕುಶಾಲಪ್ಪಣ್ಣ ಎನ್ನುತ್ತಿದ್ದೆ, ಅವರು ನನಗೆ ಮೇಡಂ. ರ್ಯಾಕಿನ ಪಕ್ಕ ಒಂದು ನೂರು ಪುಟದ ಪುಸ್ತಕ ಇಡಿಸಿದ್ದೆ. ಯಾವ ಪೋರ್ಟಿಗೆ ಯಾವ ಕೇಬಲು, ಯಾವ ದಿನ ಏನು ಕೆಲಸವಾಯಿತು, ನಾನು ಫೋನಿನಲ್ಲಿ ಹೇಳಿದ್ದನ್ನು ಅವರು ಬರೆದುಕೊಳ್ಳಬೇಕು. ಕೊನೆಯ ಸಾಲು ಯಾವಾಗಲೂ ಸೇವ್ ಆಯಿತೋ ಇಲ್ಲವೋ ಎಂಬುದು. ಅವರ ಅಕ್ಷರ ದುಂಡಗೆ, ತಪ್ಪಿಲ್ಲದೆ ಇರುತ್ತಿತ್ತು. ಪುಸ್ತಕದ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯ ಯಾರಿಗೂ ಕಂಡಿರಲೂ ಇಲ್ಲ.

ಆ ಏಪ್ರಿಲ್‌ನ ಮೊದಲ ವಾರ ಶಾಖೆಗೆ ಹೊಸ ಇಸಿಜಿ ಮಿಷನ್ ಬಂತು. ಎದೆನೋವಿನವರು ಬಂದರೆ ಅಲ್ಲಿಯ ಡ್ಯೂಟಿ ಡಾಕ್ಟರು ಇಸಿಜಿ ತೆಗೆಯುವುದು, ಅದು ನೆಟ್‌ವರ್ಕಿನಲ್ಲಿ ಪುತ್ತೂರಿಗೆ ಬರುವುದು, ಇಲ್ಲಿಯ ಹೃದಯತಜ್ಞರು ನೋಡಿ ಏನು ಮಾಡಬೇಕೆಂದು ಹೇಳುವುದು, ಇದು ಏರ್ಪಾಡು. ಮಂಗಳೂರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ ಇರುವ ಊರಿನಲ್ಲಿ ಇದೊಂದು ದೊಡ್ಡ ಆಸರೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಲಾಗಿನ್ ಆಗಿ ರೋಗಿಗಳ ಮಿಷನ್‌ಗಳಿಗಾಗಿ ವಿಲ್ಯಾನ್ ನಲವತ್ತು ಎಂಬ ಹೊಸ ಕೋಣೆ ಮಾಡಿದೆ. ಏಳನೇ ಪೋರ್ಟನ್ನು ಅದಕ್ಕೆ ಸೇರಿಸಿ, ಪುತ್ತೂರಿಗೆ ಬರುವ ದಾರಿಯಲ್ಲಿ ಅದಕ್ಕೆ ಅನುಮತಿ ಕೊಟ್ಟೆ. ಈ ಸಲ 'ಆ್ಯಡ್' ಮರೆಯಲಿಲ್ಲ. ಒಟ್ಟು ಹದಿನಾಲ್ಕು ಸಾಲು. ಕುಶಾಲಪ್ಪಣ್ಣ ತನ್ನ ಎದೆಗೇ ವಯರು ಅಂಟಿಸಿಕೊಂಡು ಮಲಗಿದರು. ಅವರ ಇಸಿಜಿ ಪುತ್ತೂರಿನ ಪರದೆಯಲ್ಲಿ ಸೊಗಸಾಗಿ ಮೂಡಿತು.

"ಸರಿ ಉಂಟಾ ಮೇಡಂ ನನ್ನ ಹಾರ್ಟು?" ಎಂದು ಫೋನಿನಲ್ಲಿ ನಗುತ್ತಾ ಕೇಳಿದರು.

"ನನ್ನದಕ್ಕಿಂತ ಚೆಂದ ಉಂಟು. ಬರೆದುಕೊಳ್ಳಿ. ಸೇವ್ ನಾಳೆ ಮಾಡ್ತೇನೆ."

ಶುಕ್ರವಾರ ಸುಳ್ಯದಲ್ಲಿ ಪ್ರಿಂಟರುಗಳು ಕೈಕೊಟ್ಟವು, ಇಡೀ ದಿನ ಅಲ್ಲಿ ಹೋಯಿತು. ಶನಿವಾರ ಮುಖ್ಯ ಆಸ್ಪತ್ರೆಯ ಸರ್ವರಿಗೆ ಏನೋ ಆಯಿತು. ಸೋಮವಾರದ ಹೊತ್ತಿಗೆ ಆ ಹದಿನಾಲ್ಕು ಸಾಲು ನನ್ನ ತಲೆಯಿಂದಲೇ ಹೋಗಿತ್ತು. ಇಸಿಜಿಗಳು ಸರಿಯಾಗಿ ಬರುತ್ತಿದ್ದವು. ನಡೆಯುತ್ತಿರುವುದನ್ನು ಯಾರು ನೆನಪಿಸಿಕೊಳ್ಳುತ್ತಾರೆ? ಹನ್ನೆರಡು ದಿನ ಹೀಗೇ ಕಳೆದವು. ಇದಕ್ಕೆ ನಾನು ಕೊಡಬಹುದಾದ ಕಾರಣ ಇಷ್ಟೇ. ಇದು ಕಾರಣವೂ ಅಲ್ಲ.

ನಮ್ಮ ಕಡೆ ಸಿಡಿಲು ಎಂದರೆ ಎಂಥದ್ದು ಎಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಏಪ್ರಿಲ್-ಮೇಯಲ್ಲಿ ಒಂದು ಸರದಿ, ದಸರಾ ಕಳೆದ ಮೇಲೆ ಇನ್ನೊಂದು. ಮಧ್ಯಾಹ್ನ ದಾಟಿ ಬೆಟ್ಟದ ಕಡೆ ಒಮ್ಮೆ ಗುಡುಗಿದರೆ ಸಾಕು, ಪುತ್ತೂರು-ಸುಳ್ಯ-ಕಡಬದ ಪ್ರತಿ ಮನೆಯಲ್ಲೂ ಯಾರಾದರೂ ಎದ್ದು ಟಿವಿ, ಫ್ರಿಜ್ಜು, ಮೋಡೆಮ್ಮು, ಎಲ್ಲದರ ಪ್ಲಗ್ ಕಿತ್ತು ಹಾಕುತ್ತಾರೆ. ಬಟನ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆದು ಗೋಡೆಯಿಂದ ದೂರ ಬಿಡಬೇಕು. ಅಂಗಡಿ, ಸೊಸೈಟಿ, ಶಾಲೆ ಎಲ್ಲ ಕಡೆ ಇದೇ. ನಮ್ಮ ಶಾಖೆಯಲ್ಲಿ ಆ ಕೆಲಸ ಕುಶಾಲಪ್ಪಣ್ಣನದು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಗುಡುಗಿದ ಕೂಡಲೇ ರೋಗಿಗಳಿಗೆ ತೀರಾ ಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು, ರ್ಯಾಕಿನ ಯುಪಿಎಸ್ ಸಹಿತ, ಆರಿಸಿ ಪ್ಲಗ್ ತೆಗೆಯುತ್ತಿದ್ದರು. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಬೇರೆಯವರ ಉಪಕರಣಗಳೆಲ್ಲ ಸುಟ್ಟುಹೋದಾಗ ನಮ್ಮದು ಉಳಿದಿತ್ತು. "ನಿಮ್ಮಿಂದಾಗಿ ಉಳಿಯಿತು" ಎಂದು ನಾನೇ ಫೋನು ಮಾಡಿ ಹೇಳಿದ್ದೆ.

ಹನ್ನೆರಡನೆಯ ದಿನ, ಮಂಗಳವಾರ ಮಧ್ಯಾಹ್ನ ಮೂರೂಕಾಲಕ್ಕೆ ವರ್ಷದ ಮೊದಲ ಗುಡುಗು ಬಂತು. ಕುಶಾಲಪ್ಪಣ್ಣ ಪ್ಲಗ್ ತೆಗೆದರು. ಮಿಂಚು ದೂರ ಹೋದ ಮೇಲೆ ಮೂರು ಐವತ್ತಕ್ಕೆ ಮತ್ತೆ ಹಾಕಿದರು. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಂದೊಂದಾಗಿ ಹೊತ್ತಿದವು. ಏಳನೇ ಪೋರ್ಟಿನದೂ ಹೊತ್ತಿತು. ಕೇಬಲು ಸರಿಯಿದ್ದರೆ ದೀಪ ಹೊತ್ತುತ್ತದೆ, ಅದು ಯಾವ ಕೋಣೆಯಲ್ಲಿದೆ ಎಂದು ದೀಪ ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಹನ್ನೆರಡು ದಿನದ ಹಿಂದಿನ ಸ್ಥಿತಿ ಬಂದು ಕೂತಿತ್ತು.

ನಾಲ್ಕು ಐದಕ್ಕೆ ಜೀಪಿನಲ್ಲಿ ಹೊನ್ನಪ್ಪನನ್ನು ಕರೆತಂದರು. ಕೊಲ್ಲಮೊಗ್ರಿನವನು, ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪರ್, ವಯಸ್ಸು ಐವತ್ತೆರಡು, ಕುಶಾಲಪ್ಪಣ್ಣನ ಮನೆಯಿಂದ ಎರಡು ಗದ್ದೆ ಆಚೆ ಮನೆ. ಎದೆನೋವು, ಬೆವರು. ಡ್ಯೂಟಿಯಲ್ಲಿದ್ದ ಡಾಕ್ಟರು ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಇಸಿಜಿ ತೆಗೆದರು, ಕಳಿಸಿದರು, ಹೋಗಲಿಲ್ಲ. ಮಿಷನ್ ಆಫ್ ಮಾಡಿ ಆನ್ ಮಾಡಿದರು, ಕೇಬಲು ತೆಗೆದು ಹಾಕಿದರು, ಮತ್ತೆ ತೆಗೆದು ಮತ್ತೆ ಕಳಿಸಿದರು. ಮೇಜಿನ ಫೋನು ನಡೆಯುತ್ತಿತ್ತು. ಪುತ್ತೂರಿನ ಹೃದಯತಜ್ಞರು ಇಸಿಜಿ ನೋಡದೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿ ಎಂದು ಹೇಳುವಂತಿರಲಿಲ್ಲ. ಕೊಡಬಾರದವರಿಗೆ ಕೊಟ್ಟರೆ ಅದೇ ಕೊಲ್ಲಬಹುದು. ಮೊಬೈಲಿನಲ್ಲಿ ಫೋಟೋ ಕಳಿಸಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಗುಡುಗಿನ ಜೊತೆಗೇ ಆ ಊರಿನ ಕರೆಂಟ್ ಹೋಗಿತ್ತು, ಆಸ್ಪತ್ರೆ ನಡೆಯುತ್ತಿದ್ದದ್ದು ಜನರೇಟರಿನಲ್ಲಿ; ಕರೆಂಟ್ ಹೋದರೆ ಅಲ್ಲಿಯ ಟವರೂ ಹೋಗುತ್ತದೆ. ಆಸ್ಪತ್ರೆಯ ನೆಟ್‌ವರ್ಕಿಗೆ ಸಿಬ್ಬಂದಿಯ ಮೊಬೈಲು ಸೇರದಂತೆ ತಡೆದದ್ದು ನಾನೇ, ಸುರಕ್ಷತೆಗೆಂದು.

ನನಗೆ ಫೋನು ಬಂದದ್ದು ನಾಲ್ಕು ನಲವತ್ತೆರಡಕ್ಕೆ. ಅಷ್ಟರವರೆಗೆ ಅವರು ಮಿಷನ್ ಹಾಳಾಗಿದೆ ಎಂದೇ ತಿಳಿದಿದ್ದರು. "ಮೇಡಂ, ಇಸಿಜಿ ಹೋಗ್ತಾ ಇಲ್ಲ. ಪೇಶಂಟ್ ಸೀರಿಯಸ್ ಉಂಟು" ಎಂದರು ಆ ಹುಡುಗಿ. ನಾನು ಲಾಗಿನ್ ಆಗಿ 'ಶೋ ವಿಲ್ಯಾನ್ ಬ್ರೀಫ್' ಎಂದು ಟೈಪ್ ಮಾಡಿದೆ. ಯಾವ ಕೋಣೆಗಳಿವೆ ಎಂದು ತೋರಿಸುವ ಕಮಾಂಡ್ ಅದು. ಹತ್ತು ಇತ್ತು, ಇಪ್ಪತ್ತು ಇತ್ತು, ಮೂವತ್ತು ಇತ್ತು. ನಲವತ್ತು ಇರಲಿಲ್ಲ. ಏನಾಗಿದೆ ಎಂದು ತಿಳಿಯಲು ನನಗೆ ಒಂದು ಉಸಿರು ಸಹ ಬೇಕಾಗಲಿಲ್ಲ. ಹದಿನಾಲ್ಕು ಸಾಲಿನಲ್ಲಿ ಮೂರು ತಪ್ಪು ಟೈಪ್ ಮಾಡಿ ತಿದ್ದಿದೆ. ಕೊನೆಗೆ 'ರೈಟ್ ಮೆಮೊರಿ' ಎಂದು ಬರೆದೆ. ನಾಲ್ಕು ನಲವತ್ತೊಂಬತ್ತಕ್ಕೆ ಹೊನ್ನಪ್ಪನ ಇಸಿಜಿ ಪುತ್ತೂರಿಗೆ ಬಂತು. ತಜ್ಞರು ನೋಡಿದ ತಕ್ಷಣ ಇಂಜೆಕ್ಷನ್ ಕೊಟ್ಟು ಮಂಗಳೂರಿಗೆ ಕಳಿಸಿ ಎಂದರು. ಆಂಬುಲೆನ್ಸ್ ಹೊರಟಿತು. ಎರಡನೇ ದಿನ ಬೆಳಿಗ್ಗೆ ಮಂಗಳೂರಿನಲ್ಲಿ ಹೊನ್ನಪ್ಪ ತೀರಿಕೊಂಡ.

ಸುಮಾರು ಮುಕ್ಕಾಲು ಗಂಟೆ ಉಳಿದಿದ್ದರೆ ಅವನು ಬದುಕುತ್ತಿದ್ದನೇ ಎಂದು ಹೃದಯತಜ್ಞರನ್ನು ನಾನು ಕೇಳಿದ್ದೇನೆ. "ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಬದುಕುತ್ತಿದ್ದ ಎಂದಿದ್ದರೆ ಅಳುತ್ತಿದ್ದೆ, ಇಲ್ಲ ಎಂದಿದ್ದರೆ ಮಲಗಿ ನಿದ್ದೆ ಮಾಡುತ್ತಿದ್ದೆ. ಅವರ ಉತ್ತರದಿಂದ ಎರಡೂ ಆಗಲಿಲ್ಲ.

ಆಡಳಿತಾಧಿಕಾರಿ ನನ್ನಿಂದ ವರದಿ ಕೇಳಿದರು. ಇಲ್ಲಿ ನಮ್ಮ ಕೆಲಸದ ಒಂದು ಸೂಕ್ಷ್ಮ ಹೇಳಬೇಕು. ಕೊನೆಯ ಬಾರಿ ಯಾವಾಗ ಸೇವ್ ಆಯಿತು ಎಂಬ ದಿನ-ಹೊತ್ತನ್ನು ಆ ಸ್ವಿಚ್ಚು ತನ್ನ ಕಾನ್ಫಿಗ್‌ನ ತಲೆಯಲ್ಲೇ ತೋರಿಸುತ್ತದೆ. ಮಂಗಳವಾರ ಸಂಜೆ ನಾನು ಸೇವ್ ಮಾಡುವ ಮೊದಲು ಯಾರಾದರೂ ನೋಡಿದ್ದರೆ, ತಿಂಗಳುಗಳ ಹಿಂದಿನ ದಿನಾಂಕ ಕಾಣುತ್ತಿತ್ತು. ಸೇವ್ ಮಾಡಿದಾಗ ಅದರ ಮೇಲೆ ಹೊಸ ಹೊತ್ತು ಬಂದು ಕೂತಿತು. ಹಳೆಯ ಲಾಗ್, ಅಂದರೆ ನಡೆದದ್ದರ ದಾಖಲೆ, ಎಲ್ಲ ಕರೆಂಟಿನ ಜೊತೆಗೇ ಹೋಗಿತ್ತು. ಸ್ವಿಚ್ಚಿನಲ್ಲಿ ಉಳಿದ ಸಾಕ್ಷಿ ಒಂದೇ: ಮೂರು ಐವತ್ತಕ್ಕೆ ಇದಕ್ಕೆ ಕರೆಂಟ್ ಬಂದಿದೆ, ಅದಕ್ಕೆ ಮೊದಲು ಯಾರೋ ತೆಗೆದಿದ್ದರು. ನಾನು ಯಾವ ದುರುದ್ದೇಶವೂ ಇಲ್ಲದೆ ಮಾಡಿದ ಸರಿಯಾದ ಕೆಲಸ ನನ್ನ ತಪ್ಪನ್ನು ಅಳಿಸಿಬಿಟ್ಟಿತ್ತು.

ವರದಿಯಲ್ಲಿ ಹೀಗೆ ಬರೆದೆ: 'ಸಿಬ್ಬಂದಿಯು ರ್ಯಾಕಿನ ವಿದ್ಯುತ್ ಸಂಪರ್ಕ ತೆಗೆದ ಕಾರಣ ಸ್ವಿಚ್ಚಿನ ಚಾಲ್ತಿ ಕಾನ್ಫಿಗರೇಶನ್ ಅಳಿದುಹೋಗಿದ್ದು, ಮಾಹಿತಿ ಬಂದ ಏಳು ನಿಮಿಷಗಳೊಳಗೆ ಮರುಸ್ಥಾಪಿಸಲಾಯಿತು.' ಒಂದೊಂದು ಪದವೂ ನಿಜ. ಅದನ್ನು ಬರೆದ ಮೇಲೆ ನಾಲ್ಕು ಬಾರಿ ಓದಿದೆ, ಎಲ್ಲೂ ಸುಳ್ಳಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸುಳ್ಳು ಹೇಳುವವರಿಗಿಂತ ನಾನು ಕೀಳಾದದ್ದು ಆಗಲೇ.

ಮುಂದಿನ ವಾರ ಕುಶಾಲಪ್ಪಣ್ಣನನ್ನು ಪುತ್ತೂರಿಗೆ ಕರೆಸಿದರು. ಆಡಳಿತಾಧಿಕಾರಿಯ ಕೋಣೆಯಲ್ಲಿ ನಾವು ಮೂವರೇ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತೊಡೆಯ ಮೇಲೆ ಒಂದು ಬಟ್ಟೆಯಂಗಡಿಯ ಚೀಲ ಇಟ್ಟುಕೊಂಡು ಕೂತಿದ್ದರು.

"ಪ್ಲಗ್ ತೆಗೆಯೋಕೆ ನಿಮಗೆ ಯಾರು ಹೇಳಿದ್ರು?" ಎಂದು ಅಧಿಕಾರಿ ಕೇಳಿದರು. ಅವರು ಬಯಲುಸೀಮೆಯವರು, ಬಂದು ಒಂದು ವರ್ಷವೂ ಆಗಿರಲಿಲ್ಲ.

"ಗುಡುಗು ಬಂದ್ರೆ ತೆಗೀಬೇಕಲ್ಲ ಸರ್. ಎಲ್ಲರೂ ತೆಗೆಯುದು. ಇಲ್ಲದಿದ್ರೆ ಸುಟ್ಟು ಹೋಗ್ತದೆ."

"ತೆಗೆದದ್ದರಿಂದ ಒಬ್ಬ ಮನುಷ್ಯ ಹೋದ."

ಕುಶಾಲಪ್ಪಣ್ಣ ನನ್ನ ಕಡೆ ನೋಡಿದರು. "ಮೊದಲು ಎಷ್ಟೋ ಸಲ ತೆಗೆದದ್ದು ಉಂಟು, ಏನೂ ಆಗ್ಲಿಲ್ಲ. ಮೇಡಂಗೆ ಗೊತ್ತುಂಟು" ಎಂದರು.

ಅಧಿಕಾರಿ ನನ್ನತ್ತ ತಿರುಗಿದರು. ಆಗ ಒಂದು ವಾಕ್ಯ ಸಾಕಿತ್ತು. ನಾನು ಸೇವ್ ಮಾಡಿರಲಿಲ್ಲ, ಇಷ್ಟೇ. "ಈ ಬಾರಿ ಹೊಸ ಕಾನ್ಫಿಗರೇಶನ್ ಇತ್ತು ಸರ್" ಎಂದೆ ನಾನು. ಅದೂ ನಿಜವೇ. ಕುಶಾಲಪ್ಪಣ್ಣ ಚೀಲದ ಬಾಯನ್ನು ಎರಡು ಸುತ್ತು ಸುತ್ತಿ ಹಿಡಿದುಕೊಂಡರು. ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು.

ಅಲ್ಲಿಗೇ ಮುಗಿಯಲಿಲ್ಲ. ಪ್ಲಗ್ ತೆಗೆದು ಹೊನ್ನಪ್ಪನನ್ನು ಕೊಂದವನು ಎಂಬ ಮಾತು ಕೊಲ್ಲಮೊಗ್ರಿನಲ್ಲಿ ಹಬ್ಬಿತು. ಅದರ ಬೆನ್ನಿಗೇ ಹೊನ್ನಪ್ಪನ ಬೊಜ್ಜ, ಅಂದರೆ ಹದಿಮೂರನೇ ದಿನದ ಕ್ರಿಯೆ ಬಂತು. ಕುಶಾಲಪ್ಪಣ್ಣ ಹೋಗಿ ಪಂಕ್ತಿಯಲ್ಲಿ ಕೂತರಂತೆ. ಬಡಿಸುವವರು ಅನ್ನ ತಂದು, ಅವರ ಎಲೆ ಬಿಟ್ಟು ಆಚಿನ ಎಲೆಗೆ ಬಡಿಸಿ ಮುಂದೆ ಹೋದರಂತೆ. ಸಾರಿಗೂ ಹಾಗೇ ಆಯಿತಂತೆ. ಅವರು ಖಾಲಿ ಎಲೆ ಮಡಚಿ ಎದ್ದು ಬಂದರು. ಇದನ್ನು ನನಗೆ ಹೇಳಿದ್ದು ಆ ಶಾಖೆಯ ನರ್ಸು. ಹೇಳುವಾಗ ಅವಳಿಗೆ ಅದೊಂದು ಸುದ್ದಿ ಮಾತ್ರ. ನಾನು ಫೋನಿಟ್ಟು ಕೈ ತೊಳೆಯಲು ಹೋದೆ. ಯಾಕೆ ತೊಳೆದೆನೋ ಗೊತ್ತಿಲ್ಲ.

ರ್ಯಾಕಿನ ಮೇಲೆ ಒಂದು ಕಾಗದ ಅಂಟಿಸಿದರು: 'ಯಾವ ಕಾರಣಕ್ಕೂ ಈ ಪ್ಲಗ್ ತೆಗೆಯಬಾರದು.' ಅದರ ಒಕ್ಕಣೆಯೂ ನನ್ನದೇ.

ಅಕ್ಟೋಬರ್ ಕೊನೆಯಲ್ಲಿ ಎರಡನೇ ಸರದಿಯ ಸಿಡಿಲು ಶುರುವಾಯಿತು. ಒಂದು ಸಂಜೆ ಶಾಖೆಯ ಹಿಂದಿನ ತೆಂಗಿನ ಮರಕ್ಕೆ ಬಡಿಯಿತು. ಕಾಗದ ನೋಡಿ ಯಾರೂ ಪ್ಲಗ್ ಮುಟ್ಟಿರಲಿಲ್ಲ. ಯುಪಿಎಸ್, ಸ್ವಿಚ್ಚು, ಇಸಿಜಿ ಮಿಷನ್, ಎಲ್ಲ ಹೋದವು. ಮರುದಿನ ಬೆಳಿಗ್ಗೆ ಹೊಸ ಸ್ವಿಚ್ಚು, ಕನ್ಸೋಲ್ ಕೇಬಲ್ ಹಿಡಿದು ನಾನು ಹೋದೆ. ಸುಟ್ಟ ವಾಸನೆ ಆ ಕೋಣೆಯಲ್ಲಿ ಇನ್ನೂ ಇತ್ತು. ನಾನು ತಲುಪುವಷ್ಟರಲ್ಲಿ ಯಾರೋ ಉಪಕಾರ ಮಾಡುತ್ತೇನೆಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ, ಇಪ್ಪತ್ತೆರಡು ಕೇಬಲ್‌ಗಳನ್ನೂ ಕಿತ್ತು ನೆಲಕ್ಕೆ ಬಿಟ್ಟಿದ್ದರು. ಯಾವುದು ಯಾವುದೆಂದು ತಿಳಿಯಬೇಕಾದರೆ ಪುಸ್ತಕ ಬೇಕು. ಪುಸ್ತಕ ಅಲ್ಲಿರಲಿಲ್ಲ.

ಆಟೋ ಮಾಡಿಕೊಂಡು ಕೊಲ್ಲಮೊಗ್ರಿಗೆ ಹೋದೆ. ಕುಶಾಲಪ್ಪಣ್ಣ ಅಂಗಳದಲ್ಲಿ ಪಂಪಿನ ಮೋಟಾರು ಬಿಚ್ಚಿ ಕೂತಿದ್ದರು. ಎದ್ದು, ಒಳಗಿಂದ ಕುರ್ಚಿ ತಂದು ಹಾಕಿ, ನೀರು-ಬೆಲ್ಲ ತರಿಸಿದರು. ಬಂದ ಕಾರಣ ಹೇಳಿದೆ. ಒಳಗೆ ಹೋಗಿ ಅದೇ ಬಟ್ಟೆಯಂಗಡಿಯ ಚೀಲ ತಂದು ಪುಸ್ತಕ ತೆಗೆದು ಕೊಟ್ಟರು. ಕೇಬಲಿನ ಪಟ್ಟಿ ಮೊದಲ ಪುಟಗಳಲ್ಲಿತ್ತು. ನನ್ನ ಬೆರಳು ಮಾತ್ರ ಏಪ್ರಿಲ್‌ನ ಪುಟಕ್ಕೆ ಹೋಯಿತು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಗುರುವಾರ. ಇಸಿಜಿ ಏಳನೇ ಪೋರ್ಟು. ಟೆಸ್ಟ್ ಆಯಿತು, ಸರಿ ಉಂಟು. ಸೇವ್ ನಾಳೆ ಮಾಡುವುದಾಗಿ ಮೇಡಂ ಹೇಳಿದ್ದಾರೆ.' ಅದರ ಕೆಳಗೆ ಶುಕ್ರವಾರದ್ದೂ ಇರಲಿಲ್ಲ, ಶನಿವಾರದ್ದೂ ಇರಲಿಲ್ಲ.

"ಇದು ಅವತ್ತು ನಿಮ್ಮ ಚೀಲದಲ್ಲಿತ್ತಾ?" ಎಂದು ಕೇಳಿದೆ.

"ಇತ್ತು."

"ಮತ್ತೆ ಯಾಕೆ ತೋರಿಸ್ಲಿಲ್ಲ ಕುಶಾಲಪ್ಪಣ್ಣ?"

ಅವರು ಮೋಟಾರಿನ ಕಡೆ ನೋಡುತ್ತಾ ಹೇಳಿದರು. "ನೀವೇ ಹೇಳ್ತೀರಿ ಅಂತ ನಾನು ಕೂತದ್ದು ಮೇಡಂ."

ನಾನು ಅತ್ತೆ. ಐವತ್ತು ದಾಟಿದ ಹೆಂಗಸು, ಇನ್ನೊಬ್ಬರ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಅತ್ತೆ. ಅಳು ನಿಂತ ಮೇಲೆ, ಪುತ್ತೂರಿಗೆ ಹೋಗಿ ಎಲ್ಲವನ್ನೂ ಬರೆದು ಕೊಡುತ್ತೇನೆ, ನಿಮ್ಮ ಕೆಲಸ ವಾಪಸು ಕೊಡಿಸುತ್ತೇನೆ ಎಂದೆ.

"ಕೆಲಸ ಎಂತ, ಇಲ್ಲಿ ಸುಬ್ರಹ್ಮಣ್ಯದ ಲಾಡ್ಜಿನಲ್ಲಿ ಸಿಕ್ಕಿದೆ" ಎಂದರು. ಮೋಟಾರಿನ ಬೋಲ್ಟೊಂದನ್ನು ಒರೆಸುತ್ತಾ ಕೇಳಿದರು, "ಹೊನ್ನಪ್ಪನ ಮನೆಯಲ್ಲಿ ಒಮ್ಮೆ ಹೇಳ್ತೀರಾ? ನನಗೆ ಅಷ್ಟು ಸಾಕು."

ಹೊನ್ನಪ್ಪನ ಮನೆಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು. ಕುಶಾಲಪ್ಪಣ್ಣ ತೋಡಿನ ಸಂಕದವರೆಗೆ, ಅಂದರೆ ಹಳ್ಳದ ಕಾಲುಸೇತುವೆಯವರೆಗೆ ಬಂದು ಅಲ್ಲೇ ನಿಂತರು. ಹೊನ್ನಪ್ಪನ ಹೆಂಡತಿ ಜಗಲಿಯಲ್ಲಿ ರಬ್ಬರ್ ಶೀಟುಗಳನ್ನು ಮಡಚಿಡುತ್ತಿದ್ದಳು. ನಾನು ಯಾರೆಂದು ಹೇಳಿದೆ. ಸ್ವಿಚ್ಚು, ವಿಲ್ಯಾನು ಯಾವುದನ್ನೂ ಹೇಳಲಿಲ್ಲ. ನಾನು ಮಾಡಬೇಕಾದ ಒಂದು ಕೆಲಸ ಮಾಡದೆ ಬಿಟ್ಟೆ, ಅದನ್ನು ಮಾಡಿದ್ದರೆ ಕುಶಾಲಪ್ಪಣ್ಣ ಪ್ಲಗ್ ತೆಗೆದರೂ ಏನೂ ಆಗುತ್ತಿರಲಿಲ್ಲ, ತಪ್ಪು ನನ್ನದು, ಅವರದಲ್ಲ ಎಂದೆ. ನಮ್ಮ ಅರೆಭಾಷೆಯಲ್ಲೇ ಹೇಳಿದೆ, ಬೇರೆ ಭಾಷೆಯಲ್ಲಿ ಹೇಳಿದರೆ ತಪ್ಪಿಸಿಕೊಂಡ ಹಾಗಾಗುತ್ತದೆ ಎನಿಸಿತು. ಅವಳು ಬೈದರೆ ತಿನ್ನಲು ಸಿದ್ಧಳಾಗಿ ನಿಂತಿದ್ದೆ. ಅವಳು ಕೈಯಲ್ಲಿದ್ದ ಶೀಟನ್ನು ಮತ್ತೊಮ್ಮೆ ಮಡಚಿದಳು, ಬಿಡಿಸಿದಳು. ಕೊನೆಗೆ, ಬೊಜ್ಜದ ದಿನ ಕುಶಾಲಪ್ಪಣ್ಣನ ಎಲೆಗೆ ಬಡಿಸಬೇಡಿ ಎಂದು ಹೇಳಿದ್ದು ತಾನೇ ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ನಾನು ಸಂಕದ ಹತ್ತಿರ 'ಹೇಳಿದೆ' ಎಂದಾಗ ಕುಶಾಲಪ್ಪಣ್ಣ ಅವಳೇನು ಅಂದಳು ಎಂದು ಕೇಳಿದರು. ಹೇಳಿದೆ. ಅವರು ಆ ಮನೆಯ ಕಡೆ ನೋಡಿದರು.

"ಹಾಗಾದ್ರೆ ಇನ್ನು ನಾನು ಅಲ್ಲಿಗೆ ಹೋಗಬಹುದಾ ಮೇಡಂ?" ಎಂದರು.

ನಾನು ಪುಸ್ತಕ ಹಿಡಿದು ಶಾಖೆಗೆ ಮರಳಿ, ಆ ಸಂಜೆಯೊಳಗೆ ಇಪ್ಪತ್ತೆರಡು ಕೇಬಲುಗಳನ್ನೂ ಹಾಕಿ ಮುಗಿಸಿದೆ.

ಪುತ್ತೂರಿಗೆ ಬಂದು ಎರಡನೇ ವರದಿ ಕೊಟ್ಟೆ, ಪುಸ್ತಕದ ಆ ಪುಟದ ಪ್ರತಿ ಸಮೇತ. "ಮುಗಿದ ವಿಷಯ ಮೇಡಂ, ಈಗ ಯಾಕೆ?" ಎಂದರು ಆಡಳಿತಾಧಿಕಾರಿ. ನಾನು ಎದ್ದು ಬರಲಿಲ್ಲ. ಕುಶಾಲಪ್ಪಣ್ಣನನ್ನು ಮರಳಿ ಕರೆಯುವ ಪತ್ರ ಹೋಯಿತು, ಅವರು ಬರಲಿಲ್ಲ. ನನ್ನ ವರದಿ ಅಧಿಕಾರಿಯ ಕಡತದಲ್ಲೇ ಉಳಿಯಿತು, ಬೇರೆ ಯಾರೂ ಅದನ್ನು ಓದಲಿಲ್ಲ. ರ್ಯಾಕಿನ ಕಾಗದವನ್ನು ನಾನೇ ಹರಿದು ತೆಗೆದೆ. ಗುಡುಗಿದರೆ ಪ್ಲಗ್ ತೆಗೆಯಿರಿ ಎಂದು ಬರೆದು ಸಹಿ ಹಾಕಿ ಅಂಟಿಸಿದೆ. ನಿವೃತ್ತಿಯಾಗುವವರೆಗೂ ಯಾವ ಬದಲಾವಣೆ ಮಾಡಿದರೂ ಕುರ್ಚಿಯಿಂದ ಏಳುವ ಮೊದಲು ಸೇವ್ ಮಾಡಿದೆ. ಕೆಟ್ಟರೆ ಬಸ್ಸು ಹತ್ತಿ ಹೋಗೋಣ ಎಂದುಕೊಂಡು.

ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ಏನಾದರೂ ಕೆಟ್ಟಾಗ ಬರೆಯುವ ವರದಿಯ ಮೊದಲ ಸಾಲಿನಲ್ಲಿ ನಾನು ಏನು ಮಾಡಿದೆ, ಏನು ಮಾಡದೆ ಬಿಟ್ಟೆ ಎಂಬುದಿರಬೇಕು. ಇನ್ನೊಬ್ಬರ ಕೈ ಅದರ ಕೆಳಗೆ ಬರಲಿ. ನಾನು ಮೊದಲ ಸಾಲು ಬಿಟ್ಟು ಎರಡನೆಯದರಿಂದ ಬರೆದೆ. ಅದಕ್ಕಾಗಿ ಒಬ್ಬ ಮನುಷ್ಯ ಆರು ತಿಂಗಳು ಎರಡು ಗದ್ದೆ ಆಚೆಯ ಮನೆಗೆ ಕಾಲಿಡಲಾಗದೆ ಬದುಕಿದ.